ವಿಭೂತಿಯಲ್ಲಿ ಬೆಳಗಿದ ಫುಟ್‌ಬಾಲ್ ನಾಣ್ಯ

ಬುಧವಾರ ಸಂಜೆ ಶಾಲೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ದೇವರ ಕೋಣೆಯಿಂದ ಕೂಗಿದರು. "ಬಾರೇ ಇಲ್ಲಿ, ಬೀರೂರು ಟೀಚರಮ್ಮನ ನಾಣ್ಯ ಹೆಂಗಾಗೈತೆ ನೋಡು." ಹುಣ್ಣಿಮೆ ಪೂಜೆಗೆಂದು ಮನೆಯ ಬೆಳ್ಳಿಯನ್ನೆಲ್ಲ ವಿಭೂತಿ ಹಚ್ಚಿ ತಿಕ್ಕಿ, ಹಳೇ ಪಂಚೆಯ ಮೇಲೆ ಹರಡಿದ್ದರು. ದೀಪ, ಗಿಂಡಿ, ಕುಂಕುಮದ ಬಟ್ಟಲು, ಅವುಗಳ ಕೊನೆಗೆ ಆ ಫುಟ್‌ಬಾಲ್ ನಾಣ್ಯ.

ನಾಣ್ಯ ನಮ್ಮದಲ್ಲ. ಅಜ್ಜಂಪುರದ ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುವ ಗೆಳತಿಯದು. ಬೀರೂರಿನ ಮುಸ್ಲಿಂ ಮನೆತನದವಳು, ದಿನಾ ರೈಲಿನಲ್ಲಿ ಬಂದು ಹೋಗುತ್ತಾಳೆ. ಒಂಬತ್ತು ವರ್ಷದಿಂದ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಅವಳದೇ. ಅವಳ ತಮ್ಮ ಕತಾರ್‌ನಲ್ಲಿ ಬಸ್ ಡ್ರೈವರ್. ಅಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆದಾಗ ದಿನವೂ ಜನರನ್ನು ಸ್ಟೇಡಿಯಂ ಬಾಗಿಲಿಗೆ ಬಿಟ್ಟು ಬರುತ್ತಿದ್ದನಂತೆ, ಒಳಗೆ ಕೂತು ಒಂದು ಆಟವನ್ನೂ ನೋಡಲಾಗಲಿಲ್ಲ. ಆ ವಿಶ್ವಕಪ್ಪಿನ ನೆನಪಿಗೆ ಹೊರಡಿಸಿದ ಈ ಬೆಳ್ಳಿ ನಾಣ್ಯವನ್ನು ಕೊಂಡು, ಡಬ್ಬಿಯಿಂದ ತೆಗೆಯಬೇಡ, ಕೈಯಲ್ಲಿ ಮುಟ್ಟಬೇಡ ಎಂದು ಅಕ್ಕನಿಗೆ ಕೊಟ್ಟಿದ್ದ. ಅವಳ ಮನೆಯ ಹೆಂಚು ಇಳಿಸಿ ತಾರಸಿ ಹಾಕುವ ಕೆಲಸ ಶುರುವಾಗಿ, ಬೀರು ಜಗಲಿಗೆ ಬಂದಾಗ ಅವಳು ಅದನ್ನು ತಂದು ನನ್ನ ಕೈಗಿಟ್ಟಳು. "ತಮ್ಮ ಮುಂದಿನ ತಿಂಗಳು ರಜಕ್ಕೆ ಬತ್ತಾನೆ ಕಣೇ. ಅಲ್ಲೀವರ್ಗೂ ನಿನ್ ಹತ್ರ ಇರ್ಲಿ. ನಿನ್ ಬಿಟ್ರೆ ಇನ್ಯಾರ್ನ ನಂಬ್ಲಿ?"

ನಾನು ಮಹಾ ಜಾಣೆ. ಬೀಗ ಇರುವ ಜಾಗ ಅದೊಂದೇ ಎಂದು ದೇವರ ಕೋಣೆಯ ಪೆಟ್ಟಿಗೆಯಲ್ಲಿ, ಮನೆಯ ಬೆಳ್ಳಿಯ ಜೊತೆಗೇ ಇಟ್ಟೆ. ಅತ್ತೆಗೆ "ಗೆಳತಿಯದು, ಜೋಪಾನ" ಎಂದಷ್ಟೇ ಹೇಳಿದೆ. ಮುಟ್ಟಬೇಡಿ ಎನ್ನಲಿಲ್ಲ.

ನನ್ನ ಕೈಗೆ ಬಂದಾಗ ಆ ನಾಣ್ಯ ಕನ್ನಡಿಯಂತೆ ಹೊಳೆಯುತ್ತಿತ್ತು. ಚೆಂಡು ಒದೆಯುವ ಆಟಗಾರನ ಚಿತ್ರ ಮಾತ್ರ ಅಕ್ಕಿಹಿಟ್ಟು ಉದುರಿಸಿದ ಹಾಗೆ ನವಿರಾದ ಬಿಳಿ. ಬೇಕೆಂದೇ ಹಾಗೆ ಅಚ್ಚು ಹಾಕಿರುತ್ತಾರೆ, ಅದರ ಅಂದವೇ ಅದು. ಈಗ ಆ ಬಿಳುಪೆಲ್ಲ ಹೋಗಿ, ಸುತ್ತಲ ಹೊಳಪಿನ ಮೇಲೆ ಬರೀ ಗೀರು.

"ಡಬ್ಬಿ ಯಾಕೆ ಬಿಚ್ಚಿದ್ರಿ ಅತ್ತೆ?"

"ಬೂಷ್ಟು ಹಿಡ್ದಿತ್ತು ಕಣವ್ವ, ಆ ಒದೆಯೋನ ಮೈಮೇಲೆಲ್ಲ. ಬೇರೆಯೋರ ಬೆಳ್ಳಿ ನಮ್ಮನೇಲಿದ್ದು ಮಂಕಾಗಿ ವಾಪಸ್ ಹೋದ್ರೆ ಮನೆ ಮಾನ ಏನಾಗ್ಬೇಕು?"

ಹೆದರಿಕೆಯಾದರೆ ನನ್ನ ಬಾಯಿ ಜೋರಾಗುತ್ತದೆ, ಅದು ನನ್ನ ಕೆಟ್ಟ ಗುಣ. ಎಪ್ಪತ್ತೆಂಟರ ಹೆಂಗಸಿನ ಮುಂದೆ ನಿಂತು ಕಿರುಚಿದೆ. "ನಿಮ್ಮನ್ನ ಯಾರು ತಿಕ್ಕಿ ಅಂದ್ರು? ಹಾಳು ಮಾಡಿಟ್ರಲ್ಲ! ಅವಳಿಗೆ ಯಾವ ಮುಖ ತೋರಿಸ್ಲಿ ನಾನು?" ಅತ್ತೆ ವಿಭೂತಿ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಅವತ್ತು ಊಟಕ್ಕೂ ಏಳಲಿಲ್ಲ.

ಮಾರನೆಯ ದಿನ ಹೇಳಿಬಿಡಬೇಕೆಂದೇ ಶಾಲೆಗೆ ಹೋದೆ. ಗೆಳತಿ ಊಟದ ಡಬ್ಬಿ ಬಿಚ್ಚಿ, "ನಿಂಗಂತಲೇ ಮಾಡ್ಸಿದ್ದು" ಎಂದು ಬದನೆಕಾಯಿ ಪಲ್ಯ ಮುಂದಿಟ್ಟಳು. ತಟ್ಟೆಗೆ ಹಾಕಿಕೊಂಡು ತಿಂದೆ. ನಾಳೆ ಹೇಳೋಣ ಎಂದುಕೊಂಡೆ. ಶುಕ್ರವಾರ ಅವಳೇ "ನಾಣ್ಯ ಹೆಂಗಿದೆ ಕಣೇ?" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ನನ್ನ ಕಥೆ. "ಯಾಕೆ, ಯಾರಾದ್ರೂ ಏನಾದ್ರೂ ಅಂದ್ರಾ?" ಎಂದುಬಿಟ್ಟೆ. "ಇದೇನೇ, ಸುಮ್ನೆ ಕೇಳ್ದೆ" ಎಂದು ಅವಳು ನಕ್ಕಳು. ಚೆನ್ನಾಗಿದೆ ಎಂದೆ. ಶನಿವಾರವೂ ಹೇಳಲಿಲ್ಲ. ಅಂಥದ್ದೇ ಇನ್ನೊಂದು ಸಿಗುತ್ತದೆಯೇ ಎಂದು ಫೋನಿನಲ್ಲಿ ಹುಡುಕಿದೆ. ಸಿಕ್ಕಿದ್ದರೆ ಸದ್ದಿಲ್ಲದೆ ಬದಲಾಯಿಸಿಬಿಡುತ್ತಿದ್ದೆನೋ ಏನೋ, ಅಷ್ಟು ಕೆಟ್ಟಿತ್ತು ಬುದ್ಧಿ.

ಭಾನುವಾರ ತರಕಾರಿ ತೆಗೆದುಕೊಂಡು ಬಂದರೆ ಮನೆಗೆ ಬೀಗ. ಮೊಣಕಾಲು ನೋವೆಂದು ಬೀದಿ ತುದಿಗೂ ಒಬ್ಬರೇ ಹೋಗದ ಅತ್ತೆ ಎಲ್ಲಿ ಹೋದರು? ನನ್ನ ಹತ್ತಿರವಿದ್ದ ಕೀಲಿಯಿಂದ ಬಾಗಿಲು ತೆಗೆದು ನೋಡಿದೆ. ದೇವರ ಕೋಣೆಯ ಪೆಟ್ಟಿಗೆ ತೆರೆದಿತ್ತು, ನಾಣ್ಯ ಇರಲಿಲ್ಲ. ಪಕ್ಕದ ಮನೆಯಾಕೆ, "ಸ್ಟೇಷನ್ ಕಡೆ ಹೋದ್ರು ಕಣ್ರೀ. ಕೇಳಿದ್ರೆ, ಈಗ ಬತ್ತೀನಿ ಅಂದ್ರು" ಎಂದಳು. ಬೀರೂರಿನ ಕಡೆಯ ರೈಲು ಹತ್ತಿದರೋ, ಗೊತ್ತಾಗದೆ ಎದುರು ದಿಕ್ಕಿನ ಶಿವನಿ ಕಡೆಯದನ್ನು ಹತ್ತಿದರೋ? ಹಳಿ ದಾಟುವಾಗ ಎಡವಿದ್ದರೆ? ನನ್ನ ಬೈಗುಳ ತಾಳಲಾರದೆ ಹೊರಟೇಬಿಟ್ಟರೇ? ಅಯ್ಯೋ ಶಿವನೇ ಎಂದು ಸ್ಟೇಷನ್ನಿಗೆ ಓಡಿದೆ. ಪ್ಲಾಟ್‌ಫಾರ್ಮ್ ಖಾಲಿ. ಏದುಸಿರು ಬಿಡುತ್ತಲೇ ಗೆಳತಿಗೆ ಫೋನ್ ಮಾಡಿದೆ.

"ಅಮ್ಮ ಇಲ್ಲೇ ಇದಾರೆ. ನೀನು ಬಾ" ಎಂದಳು. ಅಷ್ಟು ಹೇಳಿ ಇಟ್ಟುಬಿಟ್ಟಳು.

ಸದ್ಯ, ಜೀವ ಬಂತು. ಆದರೆ ಬಸ್ಸು ಬೀರೂರು ಮುಟ್ಟುವವರೆಗೂ ಅವಳ ಆ ಎರಡು ಮಾತನ್ನೇ ತಿರುವಿ ಹಾಕುತ್ತಿದ್ದೆ. ಯಾವತ್ತೂ ಅಷ್ಟು ಚುಟುಕಾಗಿ ಮಾತಾಡಿದವಳಲ್ಲ.

ಅವಳ ಮನೆಯ ಜಗಲಿಯಲ್ಲಿ ಸಿಮೆಂಟ್ ಚೀಲಗಳ ಪಕ್ಕ ಅತ್ತೆ ಟೀ ಲೋಟ ಹಿಡಿದು ಕೂತಿದ್ದರು. ನಾಣ್ಯ ಗೆಳತಿಯ ಅಂಗೈಯಲ್ಲಿತ್ತು. ನನ್ನನ್ನು ಕಂಡದ್ದೇ ಅತ್ತೆ ಮತ್ತೆ ಶುರು ಮಾಡಿದರು. "ನಮ್ ಸೊಸೇದು ಏನೂ ತಪ್ಪಿಲ್ಲ ಕಣವ್ವ. ತಿಕ್ಕಿದ್ದು ನಾನು. ಬೈಯೋದಾದ್ರೆ ನನ್ನೇ ಬೈ."

"ನೀವು ಸುಮ್ನಿರಿ ಅಮ್ಮ. ತಮ್ಮಂಗೆ ಫೋನ್ ಮಾಡಿ ಹೇಳಾಯ್ತಲ್ಲ. ಅವ್ನಿಗೆ ಬೇಜಾರಾಯ್ತು, ಇಲ್ಲ ಅನ್ನಲ್ಲ. ಆದ್ರೂ ಅಜ್ಜೀನ ಏನೂ ಅನ್ಬೇಡ ಅಂದ" ಎಂದಳು ಗೆಳತಿ. ಆಮೇಲೆ ನನ್ನ ಕಡೆ ತಿರುಗಿದಳು. "ಯಾವತ್ತಾಯ್ತೇ ಇದು?"

"ಬುಧವಾರ."

"ಮೂರು ದಿನ ನನ್ ಪಕ್ಕದಲ್ಲೇ ಕೂತು ನನ್ ಡಬ್ಬೀಲಿ ಉಂಡ್ಯಲ್ಲೇ. ಹೆಂಗಿದೆ ಅಂತ ಬಾಯ್ಬಿಟ್ಟು ಕೇಳಿದ್ನಲ್ಲ."

ನನಗೆ ಅಳು ಬಂತು. ಅವಳು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅತ್ತೆ ಟೀ ಕುಡಿದು ಮುಗಿಸಿದರು. ತಾರಸಿ ಕೆಲಸ ಇನ್ನೂ ಅರ್ಧ ಉಳಿದಿತ್ತು, ಬೀರು ಜಗಲಿಯಲ್ಲೇ ಇತ್ತು. ನಾವು ಹೊರಡಲು ಎದ್ದಾಗ ಅವಳು ನಾಣ್ಯವನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ನಾನು ಕೈ ಚಾಚಿದೆ. ಅವಳು ನನ್ನನ್ನು ದಾಟಿ ಹೋಗಿ ಅತ್ತೆಯ ಕೈಗೆ ಕೊಟ್ಟಳು.

"ತಮ್ಮ ಬರೋವರ್ಗೂ ನಿಮ್ಮತ್ರ ಇರ್ಲಿ ಅಮ್ಮ."