ಕದಿರೇಶ ಮೇಷ್ಟ್ರು ಬಿಟ್ಟ ಲೆಕ್ಕ

ಹುತ್ತೂರಿನ ಹಿಪ್ಪುನೇರಳೆ ಬೆಳೆಯುವ ಮನೆಯಿಂದ ಬಂದು ಕೆಮಿಸ್ಟ್ರಿ ಎಮ್ಮೆಸ್ಸಿ ಮಾಡಿದವನು ಕದಿರೇಶ. ಎಪ್ಪತ್ತೈದನೇ ಇಸವಿಯಲ್ಲಿ ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಿದ. ಅಣುವಿನೊಳಗೆ ಎಲೆಕ್ಟ್ರಾನುಗಳು ಒಂದನ್ನೊಂದು ತಪ್ಪಿಸಿಕೊಂಡು ಓಡಾಡುತ್ತವೆ. ಆ ಓಡಾಟವನ್ನೆಲ್ಲ ಬಿಡದೆ ಲೆಕ್ಕ ಹಾಕಲು ಹೊರಟರೆ ಅಂದಿನ ಕಂಪ್ಯೂಟರ್ ಸಾಲುತ್ತಿರಲಿಲ್ಲ. ಅದಕ್ಕೇ ಅವನ ಗೈಡ್ ಒಂದು ದಾರಿ ತೋರಿಸಿದರು: ಪರಮಾಣುಗಳ ನಡುವೆ ಮುರಿಯುವ ಬಂಧವೊಂದನ್ನು ಮಾತ್ರ ನಿಖರವಾಗಿ ಲೆಕ್ಕ ಹಾಕುವುದು, ಉಳಿದ ಅಣುವನ್ನು ಅದರ ಸುತ್ತಲಿನ ಪರಿಸರವೆಂದು ಅಂದಾಜಿನಲ್ಲೇ ಇಟ್ಟುಕೊಳ್ಳುವುದು.

ಕದಿರೇಶ ಮೀಥೈಲ್ ಆಲ್ಕೋಹಾಲ್ ತೆಗೆದುಕೊಂಡ. ಉತ್ತರವೇನೋ ಬಂತು. ಆದರೆ ಅಣುವನ್ನು ಎಲ್ಲಿ ವಿಭಾಗಿಸಿದ ಅನ್ನುವುದರ ಮೇಲೆ ಅದು ಬದಲಾಗುತ್ತಿತ್ತು. ಗಡಿಯ ಎಲೆಕ್ಟ್ರಾನುಗಳು ಎರಡೂ ಕಡೆಗೆ ಸೇರಿದವು. ಒಂದು ಕಡೆಗೆ ಬರೆದುಕೊಂಡರೆ ಇನ್ನೊಂದು ಕಡೆ ಕೆಡುತ್ತಿತ್ತು. ಅದನ್ನು ಸರಿಪಡಿಸುವ ಮೊದಲೇ ಫೆಲೋಶಿಪ್ ಮುಗಿಯಿತು, ಗೈಡ್ ನಿವೃತ್ತರಾದರು. ಪಿಎಚ್‌ಡಿ ಇಲ್ಲದೆ ಅವನು ಶ್ರೀನಿವಾಸಪುರದ ಒಂದು ಖಾಸಗಿ ಕಾಲೇಜಿಗೆ ಮೇಷ್ಟ್ರಾಗಿ ಬಂದ.

ಆದರೂ ಬಿಡಲಿಲ್ಲ. ರಜಾ ಬಂದಾಗೆಲ್ಲ, ಕಂಪ್ಯೂಟರ್ ಓದಲೆಂದು ಲೆಕ್ಕವನ್ನು ತೂತುಗಳಲ್ಲಿ ಬರೆದ ಕಾರ್ಡುಗಳ ಪೆಟ್ಟಿಗೆ ಹೊತ್ತು ಬೆಂಗಳೂರಿನ ಬಸ್ ಹತ್ತುತ್ತಿದ್ದ. ಹಳೆಯ ಪರಿಚಯದ ಮೇಲೆ ಅಲ್ಲಿನ ಕಂಪ್ಯೂಟರ್ ಆಪರೇಟರು ಅವನ್ನು ಯಂತ್ರಕ್ಕೆ ಕೊಡುತ್ತಿದ್ದರು. ಒಂದು ಕಾರ್ಡು ಹಿಂದುಮುಂದಾದರೂ ಆ ರಜಾ ದಂಡ.

"ಅದೇನ್ರೀ ಅದು, ಮುಗಿಯೋದೇ ಇಲ್ವಾ?" ಎಂದಳು ಹೆಂಡತಿ ಆದಿಲಕ್ಷ್ಮಮ್ಮ.

"ಗಡಿ ಒಂದು ಸರಿಹೋದ್ರೆ ಮುಗೀತು ಕಣೇ."

"ಸರಿಹೋದ್ರೆ ಏನಾಗುತ್ತೆ?"

"ದೊಡ್ಡ ಅಣುಗಳನ್ನೂ ಲೆಕ್ಕ ಹಾಕ್ಬೋದು."

ಅವಳು ಬೇಳೆ ಆರಿಸತೊಡಗಿದಳು.

ಎಂಬತ್ತೈದರ ಬೇಸಿಗೆಯಲ್ಲಿ ಹೋದಾಗ ಕಾರ್ಡ್ ಓದುವ ಯಂತ್ರವನ್ನೇ ತೆಗೆದುಹಾಕಿದ್ದರು. "ಈಗೆಲ್ಲ ಟರ್ಮಿನಲ್ ಸಾರ್, ಪರದೆ ಮುಂದೆ ಕೂತು ಟೈಪ್ ಮಾಡೋದು. ಅಕೌಂಟ್ ಇಲ್ಲಿಯೋರಿಗೆ ಮಾತ್ರ," ಎಂದರು ಆಪರೇಟರು, ಮುಖ ನೋಡದೆ.

ಎರಡು ವರ್ಷ ಕಳೆದು ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಅವನ ಜೊತೆ ಸಂಶೋಧನೆಗೆ ಸೇರಿದ್ದ ಮುನಿಶಾಮಿ ಸಿಕ್ಕ. ಈಗ ಪೇಂಟ್ ಕಂಪನಿಯೊಂದರಲ್ಲಿ ಕೆಲಸ.

"ಲೇ, ನಿನ್ನಂಗೇ ಅಣು ವಿಭಾಗ ಮಾಡಿ ಲೆಕ್ಕ ಹಾಕೋದನ್ನ ಹೊರದೇಶದಲ್ಲಿ ಯಾರ್ಯಾರೋ ಮಾಡ್ತಾವ್ರಂತೆ ಕಣೋ."

"ಗಡಿ ಹೆಂಗೆ ಸರಿಮಾಡಿದ್ರಂತೆ?"

"ಅದೆಲ್ಲ ನಂಗೇನ್ ಗೊತ್ತು? ಓದೋದ್ ಬಿಟ್ಟು ಎಷ್ಟ್ ಕಾಲ ಆಯ್ತು."

ಮುಳಬಾಗಿಲಿನ ಬಸ್ ಬಂತು. ಮುನಿಶಾಮಿ ಹತ್ತಿಕೊಂಡು ಹೋದ.

ಬೆಂಗಳೂರಿನ ಲೈಬ್ರರಿಯಲ್ಲಿ ಹುಡುಕಿ ನೋಡಬಹುದಿತ್ತು. ಕದಿರೇಶ ಹೋಗಲಿಲ್ಲ. ಅವರು ಸರಿಮಾಡಿದ್ದರೆ ತನಗೆ ಮಾಡಲು ಏನೂ ಉಳಿದಿಲ್ಲ. ಮಾಡಿಲ್ಲದಿದ್ದರೂ, ಯಂತ್ರವೇ ಇಲ್ಲದ ಮೇಲೆ ಇನ್ನು ತನ್ನ ಕೈಲಿ ಆಗುವುದಿಲ್ಲ. ಜೂನ್‌ನಲ್ಲಿ ಪ್ರಿನ್ಸಿಪಾಲರು ಹೆಚ್ಚಿನ ಪ್ರಾಕ್ಟಿಕಲ್ ಕ್ಲಾಸು ತಗೊಳ್ತೀರಾ ಎಂದು ಕೇಳಿದಾಗ, ಇಷ್ಟು ವರ್ಷ ತನ್ನ ಲೆಕ್ಕಕ್ಕೆ ಹೊತ್ತು ಬೇಕೆಂದು ಬೇಡವೆನ್ನುತ್ತಿದ್ದವನು ಒಂದೇ ಮಾತಿಗೆ ಒಪ್ಪಿಕೊಂಡ.