ಗುಂಡಿ ಕಟ್ಟಿದ ಪೆನ್‌ಡ್ರೈವ್‌ಗಳು

ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಜೆರಾಕ್ಸ್ ಅಂಗಡಿಯ ಶಟರ್ ಮೊಣಕಾಲೆತ್ತರಕ್ಕೆ ಮಾತ್ರ ತೆರೆದಿದೆ. ಒಳಗೆ, ಎಲ್ಲರೂ ಜೆರಾಕ್ಸ್ ಅಕ್ಕ ಎಂದೇ ಕರೆಯುವ ಒಡತಿ ಮೈಕನ್ನು ಹತ್ತಿರಕ್ಕೆಳೆದುಕೊಂಡು ವಿಜ್ಞಾನದ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡುತ್ತಿದ್ದಾರೆ. ಅಂಗಡಿಯ ಇನ್ನರ್ಧದಲ್ಲಿ ಅಕ್ಕನ ಯಜಮಾನರ ಟೈಲರಿಂಗ್. ಸದ್ದಾಗಬಾರದೆಂದು ಅವರು ಹೊಲಿಗೆ ಮಿಷನ್ನಿಗೆ ರಜೆ ಕೊಟ್ಟು, ಹಳೆಯ ಪೆನ್‌ಡ್ರೈವ್‌ಗಳ ತುದಿಯ ತೂತಿಗೆ ದಾರ ಪೋಣಿಸಿ ಗುಂಡಿ ಕಟ್ಟುತ್ತಿದ್ದಾರೆ. ಕೋಟಿನ ದೊಡ್ಡ ಗುಂಡಿ ಇತಿಹಾಸಕ್ಕೆ, ಅಂಗಿಯ ಗುಂಡಿ ವಿಜ್ಞಾನಕ್ಕೆ, ಪ್ಯಾಂಟಿನ ಹುಕ್ಕು ಭೂಗೋಳಕ್ಕೆ. ಪಕ್ಕದ ಬೀದಿಯ ಹಾಸ್ಟೆಲಿನ ಕಣ್ಣು ಕಾಣದ ಮಕ್ಕಳು ಬೆರಳಲ್ಲಿ ಸವರಿದರೆ ಸಾಕು, ಯಾವುದರಲ್ಲಿ ಯಾವ ಪಾಠವಿದೆಯೆಂದು ತಿಳಿಯುತ್ತದೆ.

ಪೆನ್‌ಡ್ರೈವ್‌ಗಳೆಲ್ಲ ಗಿರಾಕಿಗಳ ಮರೆವಿನ ಕೊಡುಗೆ. "ಪ್ರಿಂಟ್ ಕೈಗೆ ಬಂದ್ರೆ ಮನೆಗೆ ಬೆಂಕಿ ಬಿದ್ದವರ ಹಾಗೆ ಓಡ್ತಾರೆ. ಪೆನ್‌ಡ್ರೈವ್ ಪಾಪ, ಕಂಪ್ಯೂಟರಿಗೇ ಕಚ್ಕೊಂಡಿರುತ್ತೆ," ಎಂದು ಅಕ್ಕ ನಗುತ್ತಾರೆ. ವರ್ಷಗಟ್ಟಲೆ ಬಿಸ್ಕತ್ ಡಬ್ಬದಲ್ಲಿ ಕಾದರೂ ಯಾರೂ ಕೇಳಿಕೊಂಡು ಬರದಿದ್ದರೆ, ಒಳಗೇನಿದೆ ಎಂದು ಇಣುಕದೆ ಅಳಿಸುತ್ತಾರೆ. ಈಗಿನ ಕಾಲಕ್ಕೆ ಜಾಗ ಸಾಲದ ಹಳೆಯ ಪೆನ್‌ಡ್ರೈವ್‌ಗಳನ್ನು ಜನರೇ ತಂದು ಕೊಡುವುದೂ ಉಂಟು. "ಒಂದು ಸಿನಿಮಾ ಹಿಡಿಸದ ಪೆನ್‌ಡ್ರೈವಲ್ಲಿ ನನ್ನ ಇಡೀ ವರ್ಷದ ವಿಜ್ಞಾನ ಹಿಡಿಸುತ್ತೆ!" ಎನ್ನುತ್ತಾರೆ ಅಕ್ಕ. ಪೂರ್ತಿ ಕೆಟ್ಟವು ಶಟರಿನ ಬೀಗದ ಕೈಗೆ ಜೋತುಬೀಳುತ್ತವೆ.

ಇದನ್ನೆಲ್ಲ ಶುರು ಮಾಡಿಸಿದವಳು ಹಾಸ್ಟೆಲಿನ ಒಬ್ಬ ಹುಡುಗಿ. ಗೆಳತಿಯ ನೋಟ್ಸ್ ಹಿಡಿದು ಬಂದವಳು, "ಅಕ್ಕ, ನಿಮ್ಮ ಮಿಷನ್ ಇದನ್ನ ಓದಿ ಹೇಳುತ್ತಾ?" ಎಂದು ಕೇಳಿದಳು. "ಮಿಷನ್ ಓದಲ್ಲ ಕಣೇ, ನಾನು ಓದ್ತೀನಿ," ಎಂದು ಅಕ್ಕ ಮಾತು ಕೊಟ್ಟರು. ಹಾಸ್ಟೆಲಿನಲ್ಲಿ ಪೆನ್‌ಡ್ರೈವ್ ಚುಚ್ಚಿದರೆ ಮಾತಾಡುವ ಪುಟ್ಟ ಸ್ಪೀಕರ್ ಇತ್ತು.

"ಮೈಕ್ ಮುಂದೆ ಕೂತಾಗ ಮಾತ್ರ ಇವಳು ನನ್ನನ್ನ ಬೈಯಲ್ಲ," ಎನ್ನುತ್ತಾರೆ ಯಜಮಾನರು. ಹುಡುಗಿ ಒಪ್ಪುವುದಿಲ್ಲ. "ಸುಳ್ಳು! 'ರೀ, ಫ್ಯಾನ್ ಆಫ್ ಮಾಡಿ ಅಂದೆ ತಾನೇ' ಅನ್ನೋದೂ ಪಾಠದ ಮಧ್ಯೆ ಇದೆ. ಕ್ಲಾಸಲ್ಲಿ ಎಲೆ ಹೇಗೆ ಆಹಾರ ತಯಾರಿಸುತ್ತೆ ಅಂತ ಹೇಳ್ತಾ ಹೇಳ್ತಾ ಅದನ್ನೂ ಒಪ್ಪಿಸಿಬಿಟ್ಟೆ!"

ಕಳೆದ ಸಲ ಪರೀಕ್ಷೆ ತಲೆಯ ಮೇಲೆ ಬಂದು ಕೂತಾಗ ಅಕ್ಕನ ಗಂಟಲು ಕೈಕೊಟ್ಟಿತು. ಗುಣವಾಗುವವರೆಗೆ ತುಟಿ ಪಿಟಕ್ಕೆನ್ನಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಭೂಗೋಳದ ಒಂದು ಪಾಠವೂ ರೆಕಾರ್ಡ್ ಆಗಿರಲಿಲ್ಲ. ಹುಡುಗಿ ಅದರಲ್ಲಿ ಹಿಂದೆ ಒಮ್ಮೆ ಡುಮ್ಕಿ ಹೊಡೆದಿದ್ದಳು. ಈ ಸಲವೂ ಹೋದರೆ ಓದು ಬಿಟ್ಟು ಮನೆಗೆ ಬಾ ಎಂದು ಅವಳಪ್ಪ ಹೇಳಿಯಾಗಿತ್ತು. ಅಕ್ಕನಿಗೆ ಊಟ ಸೇರಲಿಲ್ಲ.

ಆಗ ಮೈಕಿನ ಮುಂದೆ ಕೂತವರು ಯಜಮಾನರು. ಶಾಲೆಯನ್ನು ಅರ್ಧಕ್ಕೇ ಬಿಟ್ಟವರು, ಅಳತೆ ಚೀಟಿ ಬಿಟ್ಟರೆ ಬೇರೇನೂ ಓದಿದವರಲ್ಲ. ಸಾಲಿನ ಕೆಳಗೆ ಬೆರಳಿಟ್ಟು, "ಪ್ರ... ಸ್ಥ... ಭೂಮಿ" ಎಂದು ತಡವರಿಸುತ್ತ ಹೊರಟರು. ಅಕ್ಕ ಬೈಯಲೂ ಆಗದೆ ಹಣೆ ಹಣೆ ಚಚ್ಚಿಕೊಂಡರು.

ಮೊದಲ ಹುಕ್ಕಿನ ಪೆನ್‌ಡ್ರೈವ್ ಹಾಸ್ಟೆಲಿಗೆ ಹೋದ ಮರುದಿನವೇ ಹುಡುಗಿ ಅಂಗಡಿಗೆ ಬಂದಳು. "ಭಾವನೇ ಓದ್ಲಿ ಅಕ್ಕ. ನಿಮ್ಮದು ರೈಲು, ಬ್ರೈಲಲ್ಲಿ ಬರ್ಕೊಳ್ಳೋಕೆ ಮತ್ತೆ ಮತ್ತೆ ನಿಲ್ಲಿಸ್ಬೇಕು. ಭಾವ ಓದಿದ್ರೆ ನನ್ನ ಕೈಗೆ ಸರಿಹೋಗುತ್ತೆ."

ಭೂಗೋಳದಲ್ಲೇ ಅವಳಿಗೆ ಹೆಚ್ಚು ಅಂಕ ಬಂತು. "ನನಗೆ ಹೊಟ್ಟೆಕಿಚ್ಚೂ ಆಯ್ತು, ಅಳುವೂ ಬಂತು," ಎಂದು ಅಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಈಗ ಗಂಟಲು ಸರಿಹೋಗಿದೆ. ಆದರೂ ಭೂಗೋಳವನ್ನು ಅವರು ವಾಪಸ್ ಕೇಳಿಲ್ಲ.

ವಿಜ್ಞಾನ ಮುಗಿಯುತ್ತದೆ. ಅಕ್ಕ ಎದ್ದು ಸೂಜಿ ದಾರ ಕೈಗೆ ತೆಗೆದುಕೊಳ್ಳುತ್ತಾರೆ. ಯಜಮಾನರು ಕನ್ನಡಕ ಒರೆಸಿಕೊಂಡು ಮೈಕಿನ ಮುಂದೆ ಕೂರುತ್ತಾರೆ. ಹೊರಗೆ ಯಾರೋ ಶಟರ್ ತಟ್ಟಿ ಜೆರಾಕ್ಸ್ ಬೇಕೆನ್ನುತ್ತಾರೆ. ಅಕ್ಕ ಬಗ್ಗಿ, ತುಟಿಯ ಮೇಲೆ ಬೆರಳಿಟ್ಟು ಪಿಸುಗುಡುತ್ತಾರೆ:

"ಶ್! ಆಮೇಲೆ ಬನ್ನಿ. ನಮ್ಮ ಯಜಮಾನ್ರು ಪಾಠ ಮಾಡ್ತಿದ್ದಾರೆ."