ಹೋದ ವರ್ಷದ ನಾಲ್ಕು ಪಂಚರ್

ಜ್ವೋಲೆ ಊರಿನಲ್ಲಿ ಹದಿನೆಂಟು ವರ್ಷದಿಂದ ಬಸ್ಸು ಓಡಿಸುತ್ತಿದ್ದ ಹಿಲ್ಕೆಗೆ ಸುಮ್ಮನೆ ಕೂರುವುದೆಂದರೆ ಆಗದು. ಚಳಿ ಬಿಡುವ ಮೊದಲೇ ಬೇಸಿಗೆ ರಜೆಯ ನಕ್ಷೆಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡುತ್ತಿದ್ದಳು. ಈ ಸಲ ಮೊಸೆಲ್ ನದಿಯ ದಂಡೆಯಲ್ಲಿ ಹತ್ತು ದಿನ. ದಿನಕ್ಕೆ ಅರವತ್ತು ಕಿಲೋಮೀಟರ್ ಸೈಕಲ್, ಸಂಜೆ ದ್ರಾಕ್ಷಿ ತೋಟಗಳ ಗುಡ್ಡಕ್ಕೆ ನಡಿಗೆ. ಬರೆದಳು, ಅಳಿಸಿದಳು, ಎದ್ದು ಕಾಫಿ ಮಾಡಿದಳು, ಅದನ್ನು ಕುಡಿಯದೆ ಮತ್ತೆ ಬರೆದಳು.

"ಅಮ್ಮಾ, ಇದು ರಜೆನಾ, ನಿನ್ನ ಬಸ್ಸಿನ ಟೈಮ್‌ಟೇಬಲ್ಲಾ?" ಎಂದಳು ಮಗಳು ಮಾರಿತ್, ಬ್ರೆಡ್ಡಿನ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಳ್ಳುತ್ತ.

"ನೀನು ತಿನ್ನು. ಐದನೇ ದಿನಕ್ಕೆ ಇನ್ನೊಂದು ಗುಡ್ಡ ಸೇರಿಸ್ಬಹುದು."

ಗಂಡ ವೌಟ್ ಬಹಳ ಹೊತ್ತು ನಕ್ಷೆ ನೋಡಿದ. ಆಮೇಲೆ ಮೆಲ್ಲಗೆ, "ಹೋದ ವರ್ಷ ನನ್ನ ಸೈಕಲ್ ನಾಲ್ಕು ಸಲ ಪಂಚರ್ ಆಯ್ತಲ್ಲ ಹಿಲ್ಕೆ, ಅದು ಪಂಚರ್ ಅಲ್ಲ. ನಾನೇ ಗಾಳಿ ಬಿಡ್ತಿದ್ದೆ," ಎಂದ.

"ಯಾಕೆ?"

"ಮಂಡಿನೋವು. ನಿಲ್ಲು ಅಂದ್ರೆ ನೀನು ನಿಲ್ತಿದ್ಯಾ?"

ಹಿಲ್ಕೆಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಆ ನಾಲ್ಕೂ ಸಲ ತಾನು ದಾರಿಬದಿ ನಿಂತು ಗಡಿಯಾರ ನೋಡುತ್ತಿದ್ದದ್ದು ನೆನಪಾಯಿತು. ಅರವತ್ತನ್ನು ಇಪ್ಪತ್ತೈದು ಮಾಡಿದಳು. ಗುಡ್ಡಗಳನ್ನೆಲ್ಲ ಅಳಿಸಿದಳು. ಖಾಲಿ ಉಳಿದ ಸಂಜೆಗಳನ್ನು ನೋಡುತ್ತಿದ್ದಂತೆ ಕೂತಲ್ಲೇ ಅವಳ ಕಾಲುಗಳು ಕುಣಿಯತೊಡಗಿದವು.

"ಗುಡ್ಡ ಬಿಡ್ಬೇಡ ಮಾರಾಯ್ತಿ," ಎಂದ ವೌಟ್. "ನೀನೊಬ್ಳೇ ಹತ್ತಿ ಬಾ. ನಾವಿಬ್ರೂ ಕೆಳಗೆ ಐಸ್‌ಕ್ರೀಂ ತಿಂತಾ ಇರ್ತೀವಿ."

ಅವಳು ಒಂದೊಂದೇ ಗುಡ್ಡವನ್ನು ಮತ್ತೆ ಬರೆದಳು, ಎದುರಿಗೆ ತನ್ನ ಹೆಸರು ಮಾತ್ರ. ಮೂರನೆಯದಕ್ಕೆ ಬಂದಾಗ, ಒಬ್ಬಳೇ ಮೇಲೆ ನಿಂತು ನದಿಯನ್ನು ಯಾರಿಗೆ ತೋರಿಸುವುದು ಎನ್ನಿಸಿತು.

"ಎರಡೇ ಸಾಕು," ಎಂದು ಪೆನ್ಸಿಲ್ ಕೆಳಗಿಟ್ಟಳು.